ಹೊಲಿಗೆ ಯಂತ್ರದ ಮೇಲೆ ಹೂದಾನಿ

ಮೆಂತ್ಯ ಸೊಪ್ಪು ಬಿಡಿಸಿದರೆ ಬೆರಳಿಗೆ ಒಂದು ಕಹಿ ವಾಸನೆ ಹತ್ತುತ್ತದೆ. ಸಾಬೂನು ಹಚ್ಚಿ ತಿಕ್ಕಿದರೂ ಹೋಗುವುದಿಲ್ಲ. ಹೋದ ತಿಂಗಳು ನಾಸಿಕಿನಲ್ಲಿರುವ ಮಗನ ಮನೆಗೆ ಹೋಗಿದ್ದೆ. ಸೊಸೆ ಎರಡು ಕಟ್ಟು ಮೆಂತ್ಯ ತಂದು ಪೇಪರಿನ ಮೇಲೆ ಸುರುವಿದಳು. ಸುಮ್ಮನೆ ಕೂಡಲಾರದ ಕೈ ನನ್ನದು, ಬಿಡಿಸುತ್ತ ಕುಳಿತೆ. ಅರ್ಧ ಕಟ್ಟು ಆಗುವುದರೊಳಗೆ ಕತ್ತು ತಾನೇ ಟಿವಿ ಇರುವ ಮೂಲೆಗೆ ತಿರುಗಿತು. ಅಲ್ಲಿ ಗೋಡೆಗೆ ಹಚ್ಚಿದ ದೊಡ್ಡ ಟಿವಿ ಇದೆ, ಯಾರೂ ನೋಡುವುದಿಲ್ಲ.

"ಅಜ್ಜಿ, ಕಾಯ್ ಝಾಲಂ? ಯಾಕ ಸುಮ್ಮ ಕುಂತ್ರಿ?" ಎಂದಳು ಮೊಮ್ಮಗಳು. ಅವಳ ಕನ್ನಡ ಅರ್ಧ ಮರಾಠಿ.

"ಇವತ್ತ ಮಂಗಳವಾರ ಏನು?"

"ಗುರುವಾರ. ಯಾಕ?"

"ಏನಿಲ್ಲ" ಎಂದೆ. ಆದರೆ ಏನಿಲ್ಲ ಎನ್ನುವಂಥದ್ದಲ್ಲ ಅದು. ಮಂಗಳವಾರ ಸಂಜೆ, ಮಡಿಲಲ್ಲಿ ಮೆಂತ್ಯ, ಎದುರಿಗೆ ಟಿವಿ. ಈ ಮೂರೂ ಸೇರಿ ಒಂದು ಕಾಲದಲ್ಲಿ ನಮ್ಮ ಮನೆಯ ಒಂದು ಹೆಣ್ಣುಮಗಳ ಬದುಕನ್ನು ಹಾಳು ಮಾಡಿದವು. ಮೆಂತ್ಯದ ತಪ್ಪೇನೂ ಇಲ್ಲ, ಅದನ್ನು ಬಿಡೋಣ.

ನಮ್ಮವರು ಬ್ಯಾಂಕಿನಲ್ಲಿ ಗುಮಾಸ್ತರು. ರೋಣದ ಕಡೆಯ ಮನುಷ್ಯರನ್ನು ಎತ್ತಿ ನಾಸಿಕಿಗೆ ಹಾಕಿದರು. ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು. ಮರಾಠಿ ಬಾರದು, ಹಿಂದಿ ಬಾರದು. ತರಕಾರಿಯವನಿಗೆ ಬೆರಳು ತೋರಿಸಿ ಸಾಮಾನು ತರುತ್ತಿದ್ದೆ. ನಮ್ಮ ಜೊತೆ ಅತ್ತೆ ಇದ್ದರು. ಅವರಿಗೆ ಕಣ್ಣಿನಲ್ಲಿ ಪೊರೆ ಬಂದು ಎಲ್ಲವೂ ಮಬ್ಬು. ಕಣ್ಣು ಮಬ್ಬಾದರೂ ಮನೆಯಲ್ಲಿ ಕೊನೆಯ ಮಾತು ಅವರದೇ. ನಮ್ಮವರು ಬ್ಯಾಂಕಿನಲ್ಲಿ ಏನು ಮಾತಾಡುತ್ತಿದ್ದರೋ ಗೊತ್ತಿಲ್ಲ, ಮನೆಯಲ್ಲಿ ತಾಯಿಯ ಎದುರು ಪೇಪರ್ ಅಗಲಿಸಿ ಅದರ ಹಿಂದೆ ಕೂಡುತ್ತಿದ್ದರು.

ನಾಸಿಕಿಗೆ ಹೋದ ಮರುವರ್ಷ ನಮ್ಮವರ ತಂಗಿ ಲೀಲಾ ಒಂದು ಟ್ರಂಕು ಹಿಡಿದು ಬಂದಳು. ಅವಳ ಗಂಡ ಈರಣ್ಣ ಇನ್ನೊಬ್ಬಳನ್ನು ತಂದು ಮನೆಯಲ್ಲಿ ಇಟ್ಟುಕೊಂಡಿದ್ದ. ಲೀಲಾಳಿಗೆ ಅಡಿಗೆ ಮಾಡಿ ಬಡಿಸುವ ಕೆಲಸ ಕೊಟ್ಟಿದ್ದ, ಇಬ್ಬರಿಗೂ. ಒಂದು ದಿನ ಬಡಿಸಿ, ಕೈ ತೊಳೆದುಕೊಂಡು, ಬಸ್ಸು ಹತ್ತಿದ್ದಳು. ಮಕ್ಕಳಿರಲಿಲ್ಲ.

ಅತ್ತೆ ಮಗಳನ್ನು ಒಳಗೆ ಕರೆದುಕೊಂಡರು. ಆದರೆ ಮನಸ್ಸಿನಲ್ಲಿ ಅವಳು ಹಿಂದೆ ಹೋಗುವವಳೇ ಎಂದು ಇಟ್ಟುಕೊಂಡಿದ್ದರು. "ಒಂದೀಟ ದಿನ ಇರಲಿ. ಆಂವನ ಬುದ್ಧಿ ಜಾಗಾಕ್ಕ ಬರತೈತಿ. ಬಂದ ಮ್ಯಾಲ ಹೋಗಲಿ" ಎನ್ನುತ್ತಿದ್ದರು. ಲೀಲಾ ಮಾತಾಡುತ್ತಿರಲಿಲ್ಲ. ಕಸ ಹೊಡೆಯುತ್ತಿದ್ದಳು, ನೀರು ತುಂಬುತ್ತಿದ್ದಳು, ಅಷ್ಟೇ.

ಆಗ ಟಿವಿಯಲ್ಲಿ ಮಂಗಳವಾರ ಸಂಜೆ ಒಂದು ಹಿಂದಿ ಸೀರಿಯಲ್ ಶುರುವಾಯಿತು. 'ಪಾಂಚ್ವಾ ಮಕಾನ್' ಅಂತ ಹೆಸರು. ಐದನೇ ಮನೆ. ಒಂದು ಸಣ್ಣ ಊರಿನ ಗಲ್ಲಿ, ಆ ಗಲ್ಲಿಯ ಐದನೇ ಮನೆಯಲ್ಲಿ ಕುಂತಲ ಎಂಬ ಹೆಂಗಸು ಬಾಡಿಗೆಗೆ ಬರುತ್ತಾಳೆ. ಗಂಡ ಇನ್ನೊಬ್ಬಳನ್ನು ತಂದಿರುತ್ತಾನೆ. ಕುಂತಲ ಹಳೆಯ ಹೊಲಿಗೆ ಯಂತ್ರ ತಂದು ಗಲ್ಲಿಯವರ ಕುಪ್ಪಸ ಹೊಲಿದು ಹೊಟ್ಟೆ ಹೊರೆಯುತ್ತಾಳೆ. ಇಷ್ಟೇ ಕಥೆ. ಟಿವಿ ಇದ್ದ ಕನ್ನಡದ ಮನೆ ನಮ್ಮ ಸಾಲಿನಲ್ಲಿ ನಮ್ಮದೊಂದೇ. ಧಾರವಾಡದ ಪದ್ಮಕ್ಕ ಮತ್ತು ಇನ್ನಿಬ್ಬರು ಬ್ಯಾಂಕಿನವರ ಹೆಂಡಂದಿರು ಬರುತ್ತಿದ್ದರು. ಬರಿಗೈಯಲ್ಲಿ ಕೂತು ಟಿವಿ ನೋಡಿದರೆ ಅತ್ತೆ ಬೈಯುತ್ತಿದ್ದರು. ಅದಕ್ಕೆ ಎಲ್ಲರೂ ಮಡಿಲಲ್ಲಿ ಏನಾದರೂ ತರುತ್ತಿದ್ದರು. ಮೆಂತ್ಯ ಬಿಡಿಸುವುದು, ಅಕ್ಕಿ ಆರಿಸುವುದು, ಶೇಂಗಾ ಸುಲಿಯುವುದು.

ನಮಗೆ ಯಾರಿಗೂ ಹಿಂದಿ ಅಷ್ಟು ಬಾರದು. ಲೀಲಾಳಿಗೆ ಬರುತ್ತಿತ್ತು. ಮದುವೆಗೆ ಮುಂಚೆ ಹಿಂದಿಯ ಪರೀಕ್ಷೆಗಳನ್ನು ಒಂದರ ಮೇಲೊಂದು ಕಟ್ಟಿ ಪಾಸಾದವಳು. ಮೊದಲ ವಾರ ಪದ್ಮಕ್ಕನೇ ಕೇಳಿದಳು, "ಲೀಲಾ, ಏನಂದ್ಲವಾ ಆಕಿ? ನಮಗೂ ಒಂದೀಟ ಹೇಳಲಾ." ಲೀಲಾ ಟಿವಿಯ ಬದಿಗೆ ಗೋಡೆಗೆ ಆತು ಕುಳಿತು ಹೇಳಲು ಶುರು ಮಾಡಿದಳು.

'ಅವಳು ಹಾಗೆ ಅಂದಳು, ಇವನು ಹೀಗೆ ಅಂದ' ಎಂದು ಹೇಳುತ್ತಿರಲಿಲ್ಲ. ಕುಂತಲ ಮಾತಾಡಿದರೆ ಕುಂತಲಳಾಗಿಯೇ ಹೇಳುತ್ತಿದ್ದಳು. ಕುಂತಲಳ ಅತ್ತೆ ಬಂದರೆ ದನಿ ಒರಟು ಮಾಡುತ್ತಿದ್ದಳು. ಮೂಲೆಯ ಮನೆಯ ಮುದುಕ ಬಂದರೆ ಕೆಮ್ಮುತ್ತಿದ್ದಳು. ಮನೆಯಲ್ಲಿ ತಿಂಗಳುಗಟ್ಟಲೆ ಬಾಯಿ ತೆರೆಯದವಳು ಮಂಗಳವಾರ ಅರ್ಧ ತಾಸು ಒಂದು ಇಡೀ ಗಲ್ಲಿಯೇ ಆಗುತ್ತಿದ್ದಳು. ಅತ್ತೆಗೆ ಟಿವಿಯಲ್ಲಿ ಕಾಣುತ್ತಿದ್ದದ್ದು ಬರೀ ಬೆಳಕು, ನೆರಳು. ಅವರ ಪಾಲಿಗೆ ಕುಂತಲ ಎಂದರೆ ಲೀಲಾಳ ದನಿ.

ಆ ಸೀರಿಯಲ್ ಆಗ ನಿಜಕ್ಕೂ ಚೆನ್ನಾಗಿತ್ತು. ನಾನು ಸುಮ್ಮಸುಮ್ಮನೆ ಯಾವುದನ್ನೂ ಹೊಗಳುವುದಿಲ್ಲ. ಕುಂತಲಳ ಪಾತ್ರ ಮಾಡಿದ ಹೆಂಗಸು ದಾರವನ್ನು ಹಲ್ಲಿನಿಂದ ಕಡಿಯುತ್ತಿದ್ದಳು. ಬಾಯಲ್ಲಿ ಸೂಜಿ ಕಚ್ಚಿಕೊಂಡೇ ಗಿರಾಕಿಗೆ ಉತ್ತರ ಕೊಡುತ್ತಿದ್ದಳು. ನೀರಿನ ಸರದಿಗೆ ಜಗಳ ಆಡುತ್ತಿದ್ದಳು, ಸೋಲುತ್ತಲೂ ಇದ್ದಳು. ಯಾರೋ ನಮ್ಮಂಥವರ ಮನೆಯ ಒಳಗೆ ಕೂತು ನೋಡಿ ಬರೆದ ಹಾಗೆ ಇತ್ತು.

ಒಂದು ಕಂತು ಮಾತ್ರ ಯಾರೂ ಮರೆಯಲಿಲ್ಲ. ಕುಂತಲಳ ಗಂಡ ಐದನೇ ಮನೆಯ ಬಾಗಿಲಿಗೆ ಬರುತ್ತಾನೆ. ಬಾ, ಮನೆಗೆ ಹೋಗೋಣ ಎನ್ನುತ್ತಾನೆ. ಕುಂತಲ ಯಂತ್ರದಿಂದ ಏಳುತ್ತಾಳೆ, ಒಂದು ಲೋಟ ನೀರು ತಂದು ಹೊಸ್ತಿಲ ಆಚೆ ನಿಂತವನ ಕೈಗೆ ಕೊಡುತ್ತಾಳೆ. ಲೀಲಾ ಗೋಡೆಗೆ ಆತುಕೊಂಡೇ ಹೇಳಿದಳು: "ದೂರದಿಂದ ಬಂದೀರಿ, ನೀರು ಕುಡೀರಿ. ಒಳಗ ಬರಬ್ಯಾಡ್ರಿ. ಈ ಮನಿ ಸಣ್ಣದೈತಿ, ಆದ್ರ ಇದರಾಗ ನನಗ ಉಸರಾಡಾಕ ಬರತೈತಿ."

ಪದ್ಮಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು. ಅತ್ತೆ ಸುಲಿಯುತ್ತಿದ್ದ ಶೇಂಗಾದ ಮೊರ ಪಕ್ಕಕ್ಕಿಟ್ಟು, "ಹೌದ ಹುಲಿ" ಎಂದರು. ಆ ರಾತ್ರಿ ಊಟಕ್ಕೆ ಕೂತಾಗ ಮಗನಿಗೆ ಹೇಳಿದರು, "ಲೀಲಾ ಎಲ್ಲೂ ಹೋಗಾಕಿ ಅಲ್ಲ. ಆಂವ ಬಂದ್ರ ನೀರು ಕುಡಸಿ ಕಳಸ್ರಿ." ನಮ್ಮವರು ಪೇಪರ್ ಇಳಿಸಿ ತಾಯಿಯ ಮುಖ ನೋಡಿದರು. ನಾನು ಹತ್ತು ಸಲ ಹೇಳಿದ್ದರೂ ಆಗದ ಕೆಲಸ ಅದು.

ಮುಂದೆ ಸೀರಿಯಲ್ ನಿಂತಿತು, ಮತ್ತೆ ಶುರುವಾಗುತ್ತದೆ ಎಂದರು. ಆ ನಡುವೆ ನಮ್ಮವರಿಗೆ ಔರಂಗಾಬಾದಿಗೆ ವರ್ಗವಾಯಿತು. ಈಗ ಅದನ್ನು ಸಂಭಾಜಿನಗರ ಎನ್ನುತ್ತಾರೆ. ನಾನು ಹೇಳಬೇಕಾದ ಮಳೆಗಾಲ ಅಲ್ಲಿಯದು.

ಔರಂಗಾಬಾದಿನ ಮಳೆ ನಾಸಿಕಿನ ಮಳೆಯ ಹಾಗಲ್ಲ. ಮೋಡ ಕಟ್ಟುತ್ತದೆ, ಧೂಳು ಏಳುತ್ತದೆ, ನಾಲ್ಕು ಹನಿ ಉದುರಿಸಿ ಹೋಗುತ್ತದೆ. ಹಾಕಿದ ಬಟ್ಟೆ ಒಣಗುವುದೂ ಇಲ್ಲ, ಹಿತ್ತಲು ನೆನೆಯುವುದೂ ಇಲ್ಲ. ಆದರೆ ಆ ಮಳೆಗಾಲ ನಮ್ಮ ಮನೆಯಲ್ಲಿ ಒಂದು ಹೊಸ ಗಾಳಿ ಇತ್ತು. ಊರ ಹೊರಗೆ ಹೊಸ ಹೊಸ ಕಾರ್ಖಾನೆ ಏಳುತ್ತಿದ್ದವು. ಅಂಥ ಒಂದು ಕಾರ್ಖಾನೆಯಲ್ಲಿ ಔಷಧದ ಬಾಟಲಿಗೆ ಚೀಟಿ ಅಂಟಿಸುವ ಕೆಲಸ ಲೀಲಾಳಿಗೆ ಸಿಕ್ಕಿತು. ಬೆಳಿಗ್ಗೆ ಕಂಪನಿಯ ಬಸ್ಸು ನಮ್ಮ ಗಲ್ಲಿಯ ತುದಿಗೆ ಬಂದು ಹಾರ್ನ್ ಹೊಡೆಯುತ್ತಿತ್ತು. ಲೀಲಾ ಡಬ್ಬಿ ಹಿಡಿದು ಓಡುತ್ತಿದ್ದಳು. ಮೊದಲ ದಿನ ಅತ್ತೆ ಬಾಗಿಲಿಗೆ ಬಂದು ಆ ಹಾರ್ನ್ ಕೇಳಿ, "ನಮ್ಮ ಲೀಲಾನ ಕರಿಯಾಕ ಬಸ್ಸ ಬರತೈತಿ ನೋಡ" ಎಂದು ಪಕ್ಕದ ಮನೆಯವರಿಗೆಲ್ಲ ಕೇಳುವ ಹಾಗೆ ಕನ್ನಡದಲ್ಲಿ ಕೂಗಿದರು. ಯಾರಿಗೂ ತಿಳಿಯಲಿಲ್ಲ.

ಅದೇ ಮಳೆಗಾಲ ಮಂಗಳವಾರದ ಸೀರಿಯಲ್ ಮತ್ತೆ ಬಂತು.

ಕೂಡಲೇ ನನಗೆ ಏನೋ ಸರಿಯಿಲ್ಲ ಅನ್ನಿಸಿತು. ಕುಂತಲ ಬೇರೆಯವಳು. ಪಾತ್ರದವಳನ್ನೇ ಬದಲು ಮಾಡಿದ್ದರು. ಹೊಸಬಳು ಬೆಳ್ಳಗೆ, ತೆಳ್ಳಗೆ, ಉದ್ದ ಉಗುರಿಗೆ ಬಣ್ಣ. ಆ ಉಗುರಿನಲ್ಲಿ ಸೂಜಿಗೆ ದಾರ ಪೋಣಿಸಿ ತೋರಿಸಲಿ ನೋಡೋಣ. ಗಲ್ಲಿ ಸುಟ್ಟುಹೋಯಿತು ಎಂದು ಒಂದು ಮಾತಿನಲ್ಲಿ ಹೇಳಿ ಎಲ್ಲರನ್ನೂ ಒಂದು ಬಂಗಲೆಗೆ ಸಾಗಿಸಿಬಿಟ್ಟರು. ಕೆಮ್ಮುವ ಮುದುಕ ಎಲ್ಲಿ ಹೋದನೋ ಯಾರೂ ಕೇಳಲಿಲ್ಲ. ಕುಂತಲಳ ಗಂಡನಿಗೆ ತಲೆಗೆ ಪೆಟ್ಟು ಬಿದ್ದು ನೆನಪು ಹೋಯಿತು. ಆಮೇಲೆ ಅವನ ಹಾಗೇ ಇರುವ ಇನ್ನೊಬ್ಬ ಬಂದ. ಒಂದೇ ಮೆಟ್ಟಿಲನ್ನು ಒಂದು ವಾರ ಆಸ್ಪತ್ರೆ ಎಂದು ತೋರಿಸಿದರು, ಇನ್ನೊಂದು ವಾರ ಕೋರ್ಟು ಎಂದು. ಯಾರಾದರೂ ಬಾಗಿಲು ತೆರೆದರೆ ಸಾಕು, ಡಬ್ಬ ಬಿದ್ದ ಹಾಗೆ ಸದ್ದು ಮಾಡಿ, ಒಂದೇ ಮುಖವನ್ನು ಮೂರು ಸಲ ತೋರಿಸುತ್ತಿದ್ದರು. ಕಥೆಗಿಂತ ಸಾಬೂನಿನ ಜಾಹೀರಾತು ಉದ್ದ.

ನನಗೆ ಹೊಟ್ಟೆ ಉರಿದದ್ದು ಬೇರೆ ಒಂದು ಕಾರಣಕ್ಕೆ. ಬಂಗಲೆಯ ಹಾಲಿನ ಮೂಲೆಯಲ್ಲಿ ಆ ಹಳೆಯ ಹೊಲಿಗೆ ಯಂತ್ರ ಇಟ್ಟಿದ್ದರು. ಅದರ ಮೇಲೆ ಕಸೂತಿಯ ಬಟ್ಟೆ ಹೊದಿಸಿ, ಅದರ ಮೇಲೆ ಒಂದು ಹೂದಾನಿ. ಪ್ಲಾಸ್ಟಿಕ್ ಹೂವು. ಒಂದು ಹೆಂಗಸು ಎರಡು ಹೊತ್ತು ಊಟ ದುಡಿದ ಯಂತ್ರ ಅದು.

ನನಗೆ ಅಷ್ಟೊತ್ತಿಗೆ ಹಿಂದಿ ತಕ್ಕಮಟ್ಟಿಗೆ ಬಂದಿತ್ತು. ಪಕ್ಕದ ಮನೆಯ ಹಮೀದಾ ಕಲಿಸಿದ್ದು. ಕಲಿಸಿದ್ದು ಎಂದರೆ, ಹಿತ್ತಲ ಗೋಡೆಯ ಆಚೆ ಅವಳು ಬಟ್ಟೆ ಹಿಂಡುತ್ತ ಮಾತಾಡುತ್ತಿದ್ದಳು, ಈಚೆ ನಾನು ಹಿಂಡುತ್ತ ಕೇಳುತ್ತಿದ್ದೆ. ಆದರೆ ಮಂಗಳವಾರ ಟಿವಿಯ ಮುಂದೆ ಕೂತಾಗ ನಾನು ಹಿಂದಿಗೆ ಕಿವಿ ಕೊಡುತ್ತಿರಲಿಲ್ಲ. ಕಣ್ಣೂ ಅರ್ಧ ಮಡಿಲ ಸೊಪ್ಪಿನ ಮೇಲೆ. ಲೀಲಾಳ ದನಿ ಇರುವಾಗ ಅದರ ಗೊಡವೆ ಏಕೆ? ಚಿತ್ರ ಕೆಟ್ಟಿದ್ದರೂ ಮಾತು ಇನ್ನೂ ಹಳೆಯ ಕುಂತಲಳದೇ, ಖಡಕ್ ಆಗಿ ಬರುತ್ತಿತ್ತು. 'ಪಾಪ, ಕುಂತಲ ಬಂಗಲೆಗೆ ಬಂದರೂ ಬಾಯಿ ಕಳಕೊಂಡಿಲ್ಲ' ಎಂದುಕೊಂಡಿದ್ದೆ.

ಒಂದು ಬುಧವಾರ ಬೆಳಿಗ್ಗೆ ಹಮೀದಾ ಗೋಡೆಯ ಮೇಲೆ ಮೊಣಕೈ ಇಟ್ಟು ಕೇಳಿದಳು, "ಕಲ್ ದೇಖೇ ಕ್ಯಾ ಗಂಗಾಬಾಯಿ? ಕುಂತಲ್ ಕೈಸಾ ರೋಯೀ! ಬೋಲೀ, ಮೇರೀ ಗಲ್ತೀ ಥೀ, ಮಾಫ್ ಕರೋ."

"ಎಲ್ಲಿ ರೋಯೀ?" ಎಂದೆ ನನ್ನ ಹಿಂದಿಯಲ್ಲಿ. "ಓ ತೋ ಬೋಲೀ, ತುಮಾರೇ ಘರ್ ಮೇ ಮೈ ಪಾಂವ್ ನೈ ರಖ್ತೀ."

ಹಮೀದಾ ನಕ್ಕು ನಕ್ಕು ಬಕೆಟ್ಟಿನ ಮೇಲೆ ಬೀಳುವುದೊಂದು ಬಾಕಿ. "ತುಮಾರಾ ಟಿವಿ ಅಲಗ್ ಹೈ ಕ್ಯಾ? ಅರೇ, ಹಾತ್ ಜೋಡ್ ಕೇ ರೋಯೀ ಬಿಚಾರೀ!"

ಒಂದೇ ಸೀರಿಯಲ್, ಒಂದೇ ಹೊತ್ತು, ನಡುವೆ ಒಂದು ಗೋಡೆ. ಅವಳ ಮನೆಯಲ್ಲಿ ಕುಂತಲ ತಪ್ಪಾಯಿತೆಂದು ಕೈಮುಗಿದು ಅತ್ತಿದ್ದಾಳೆ. ನಮ್ಮ ಮನೆಯಲ್ಲಿ, ನಿಮ್ಮ ಮನೆಗೆ ನಾನು ಕಾಲಿಡುವುದಿಲ್ಲ ಅಂದಿದ್ದಾಳೆ. ನಾನು ಅವಳ ಜೊತೆ ವಾದ ಮಾಡಿ, ಸಿಟ್ಟಿನಿಂದ ಒದ್ದೆ ಬಟ್ಟೆ ಎತ್ತಿಕೊಂಡು ಒಳಗೆ ಬಂದೆ.

ಮುಂದಿನ ಮಂಗಳವಾರ ಟಿವಿಗೆ ಹತ್ತಿರ ಕುಳಿತೆ. ಲೀಲಾಳ ದನಿಯನ್ನು ಒಂದು ಕಿವಿಯಿಂದ ದೂಡಿ, ಇನ್ನೊಂದು ಕಿವಿಯಿಂದ ಹಿಂದಿ ಹಿಡಿದೆ. ಕುಂತಲ ಗಂಡನ ಫೋಟೋದ ಮುಂದೆ ನಿಂತು, ನೀವಿಲ್ಲದೆ ನಾನು ಏನೂ ಅಲ್ಲ ಎಂದು ಬಿಕ್ಕುತ್ತಿದ್ದಳು. ಲೀಲಾ ಗೋಡೆಗೆ ಆತು ಹೇಳುತ್ತಿದ್ದಳು, "ನಿನ್ನ ಫೋಟೋದ ಮ್ಯಾಲಿನ ಧೂಳ ಒರಸಾಕೂ ನನಗ ಪುರುಸೊತ್ತಿಲ್ಲ. ನನಗ ನನ್ನ ಕೆಲಸ ಐತಿ." ಅತ್ತೆ ಶೇಂಗಾ ಸುಲಿಯುತ್ತ ತಲೆದೂಗಿದರು.

ನನಗೆ ಮೈಯೆಲ್ಲ ಉರಿಯಿತು. ಅಡಿಗೆಮನೆಗೆ ಹೋಗಿ ಅವಳನ್ನು ಕರೆದೆ.

"ಏನ ಹೇಳಾಕತ್ತೀಯವಾ ನೀ? ಆಕಿ ಅಲ್ಲೆ ಗೊಳೋ ಅಂತ ಅಳಾಕತ್ತಾಳ. ನೀ ಇಲ್ಲೆ ಆಕಿ ಬಾಯಾಗ ಏನೇನೋ ಇಡಾಕತ್ತಿ. ಎಷ್ಟ ದಿನದಿಂದ ನಡದೈತಿ ಇದು?"

ಲೀಲಾ ಹೆದರಲಿಲ್ಲ. "ಗಲ್ಲಿ ಸುಟ್ಟಾಗಿಂದ" ಎಂದಳು.

"ಕಣ್ಣಿಲ್ಲದ ಮುದಕಿಗಿ ಮೋಸ ಮಾಡ್ತೀ ಏನು?"

"ಮೋಸ ಮಾಡಿದ್ದು ನಾನೇನ್ರಿ ವೈನಿ?" ಎಂದಳು. "ಆಕಿ ಯಾರು ಅನ್ನೂದು ಬರಿಯಾಂವಗ ಮರತ ಹೋಗೇತಿ. ನನಗ ನೆನಪೈತಿ, ಅಷ್ಟ. ಊರಿಂದ ಸುದ್ದಿ ಬಂದದ್ದು ನಿಮಗ ಗೊತ್ತಿಲ್ಲೇನು?"

ಗೊತ್ತಿತ್ತು. ಈರಣ್ಣ ತಂದುಕೊಂಡಿದ್ದವಳು ಬಿಟ್ಟು ಹೋಗಿದ್ದಳು. ಈಗ ಅವನಿಗೆ ರೊಟ್ಟಿ ಬಡಿಯುವವರು ಬೇಕಾಗಿದ್ದರು. ಅವನ ಕಾಕಾ ಚನ್ನಪ್ಪ, ಊರಿಗೆಲ್ಲ ಬುದ್ಧಿ ಹೇಳುವ ಮನುಷ್ಯ, ಹುಡುಗಿಯನ್ನು ಕರೆದುಕೊಂಡು ಹೋಗಲು ಬರುತ್ತೇವೆ ಎಂದು ಹೇಳಿ ಕಳಿಸಿದ್ದ. ಅತ್ತೆ ಇನ್ನೂ ಗಟ್ಟಿಯಾಗಿದ್ದರು. "ಬರಲಿ, ನೀರು ಕುಡಸೂಣು" ಅಂದಿದ್ದರು. ಆ ಗಟ್ಟಿತನ ಎಲ್ಲಿಂದ ಬಂದದ್ದು, ವಾರವಾರ ಯಾರು ಅದಕ್ಕೆ ಕಟ್ಟಿಗೆ ಹಾಕುತ್ತಿದ್ದರು ಎಂಬುದು ನನಗೆ ಆ ಅಡಿಗೆಮನೆಯಲ್ಲಿ ನಿಂತಾಗ ತಿಳಿಯಿತು. ನಾನು ಒಲೆಯ ಮೇಲಿನ ಹಾಲು ಇಳಿಸಿದೆ.

ಅವರು ಬಂದದ್ದು ಶ್ರಾವಣದಲ್ಲಿ. ಸೋಲಾಪುರದ ಬಸ್ಸು ಇಳಿದು ನೇರ ಮನೆಗೆ ಬಂದರು. ವಾರ ನೋಡಿಕೊಂಡು ಬಂದಂತೆ ಮಂಗಳವಾರವೇ ಬಂದರು. ಈರಣ್ಣ ದಪ್ಪಗಾಗಿದ್ದ, ತಲೆ ತಗ್ಗಿಸಿ ಕುಳಿತ. ಮಾತೆಲ್ಲ ಚನ್ನಪ್ಪ ಕಾಕಾನದು. ಹತ್ತಿಯ ವ್ಯಾಪಾರ, ಮುಂಬೈ ಇಂದೂರು ಎಲ್ಲ ತಿರುಗಿದವನು. ಅತ್ತೆ ಇಬ್ಬರಿಗೂ ನೀರು ಕೊಡಿಸಿದರು. ಊಟಕ್ಕೂ ಹಾಕಿಸಿದರು, ಹಾಕದೆ ಇರಲು ಆಗುತ್ತದೆಯೇ? ಊಟದ ಮೇಲೆ ಹೇಳಿದರು, "ಚನ್ನಪ್ಪಾ, ನನ್ನ ಮಗಳು ಬರೂದಿಲ್ಲ. ಆಕಿನ್ನ ಕರಿಯಾಕ ದಿನಾ ಕಂಪನಿ ಬಸ್ಸ ಬರತೈತಿ."

"ಆಗಲ್ರಿ ಅಕ್ಕಾರ, ಗಡಬಡಿ ಏನೈತಿ" ಎಂದ ಕಾಕಾ, ತಾಂಬೂಲ ಹಾಕಿಕೊಳ್ಳುತ್ತ. "ನಾಳಿನ ಬಸ್ಸಿಗಿ ಹೋಗಾವ್ರು ನಾವು."

ಸಂಜೆಯಾಯಿತು. ಟಿವಿ ಹಚ್ಚಬಾರದಿತ್ತು. ಹಚ್ಚಿದ್ದು ಅತ್ತೆ. "ಮಂಗಳವಾರ ಐತಿ, ಹಚ್ಚ. ಇವ್ರೂ ಕೇಳಲಿ" ಎಂದರು. ಬೀಗರಿಗೆ ಕುಂತಲಳ ಬಾಯಿಂದ ನಾಲ್ಕು ಮಾತು ಕೇಳಿಸುವ ಆಸೆ ಅವರಿಗೆ. ಆ ಮಳೆಗಾಲದಲ್ಲಿ ಹನಿ ಬಿದ್ದರೆ ಸಾಕು ಕರೆಂಟು ಹೋಗುತ್ತಿತ್ತು. ಅವತ್ತು ಹೊರಗೆ ಜಿಟಿಜಿಟಿ ಹಿಡಿದಿತ್ತು, ಕರೆಂಟು ಮಾತ್ರ ಹೋಗಲಿಲ್ಲ. ನಾನು ಬಲ್ಬನ್ನೇ ನೋಡುತ್ತ ಮೆಂತ್ಯ ಬಿಡಿಸುತ್ತ ಕುಳಿತೆ.

ಅವತ್ತಿನ ಕಂತಿನಲ್ಲಿ ಕುಂತಲ ಗಂಡನ ಹಳೆಯ ಮನೆಗೆ ಬರುತ್ತಾಳೆ. ಮೆಟ್ಟಿಲು ಹತ್ತುತ್ತಾಳೆ, ಅದೇ ಆಸ್ಪತ್ರೆಯ ಮೆಟ್ಟಿಲು. ಅತ್ತೆಯ ಕಾಲಿಗೆ ಬಿದ್ದು, ಹೆಣ್ಣಿನ ಜಾಗ ಇದೇ ಎಂದು ತಿಳಿಯಲು ನನಗೆ ಇಷ್ಟು ವರ್ಷ ಬೇಕಾಯಿತು ಎನ್ನುತ್ತಾಳೆ. ಅವಳು ಹೇಳಿ ಮುಗಿಸಿದ್ದಳೋ ಇಲ್ಲವೋ, ಲೀಲಾ ಗೋಡೆಗೆ ಆತು ಶುರು ಮಾಡಿದಳು. ದನಿ ಸ್ವಲ್ಪವೂ ನಡುಗಲಿಲ್ಲ.

"ನಿಮ್ಮ ಕಾಲಿಗಿ ಬಿದ್ದದ್ದು ಇದು ಕಡೀದು. ನೀವು ವಯಸ್ಸಿನಾಗ ದೊಡ್ಡಾವ್ರು, ಅದಕ್ಕ ಬಿದ್ದೀನಿ. ಇನ್ನ ನಾ ಹೊಂಟೆ. ನನ್ನ ಮನಿ ಬ್ಯಾರೆ, ನನ್ನ ದುಡಿಮಿ ಬ್ಯಾರೆ..."

"ಏ ತಂಗಿ" ಎಂದ ಚನ್ನಪ್ಪ ಕಾಕಾ. ಜೋರಾಗಿಯೇನೂ ಅಲ್ಲ, ನಗುತ್ತಲೇ. "ಏನ ಹೇಳಾಕತ್ತೀಯವಾ? ಆಕಿ ಹಂಗ ಅಂದಿಲ್ಲ. ನನಗ ಹಿಂದಿ ಬರತೈತಿ."

ಲೀಲಾ ನಿಲ್ಲಿಸಲಿಲ್ಲ. ಇನ್ನೂ ಎರಡು ಮಾತು ಹೇಳಿದಳು. ಆಮೇಲೆ ನಿಲ್ಲಿಸಿದಳು.

"ಅಕ್ಕಾರ, ಆಕಿ ಹೊಳ್ಳಿ ಬಂದಾಳ್ರಿ. ಗಂಡನ ಮನಿಗಿ" ಎಂದ ಕಾಕಾ ಅತ್ತೆಯ ಕಡೆ ತಿರುಗಿ. "ಬರೋಬ್ಬರಿ ಮಾಡಿದಳು. ಈ ಹುಡುಗಿ ನಿಮಗ ತಾನಽ ಕಥಿ ಕಟ್ಟಿ ಹೇಳಾಕತ್ತಾಳ."

ಅತ್ತೆಯ ಕೈಯಲ್ಲಿ ಒಡೆದ ಶೇಂಗಾ ಹಾಗೇ ಉಳಿಯಿತು. ಅವರು ಮಗಳನ್ನು ಕೇಳಲಿಲ್ಲ. ನಾನು ಕೂತಿದ್ದ ಕಡೆ ಮುಖ ತಿರುಗಿಸಿದರು. "ಗಂಗಾ, ನಿನಗ ತಿಳೀತೈತಿ ಈಗ. ಆ ತುರಕರ ಹುಡುಗಿ ಜೋಡಿ ಮಾತಾಡೂದು ಕೇಳೀನಿ. ಹೇಳು. ಆಕಿ ಏನ ಮಾಡಿದ್ಲು?"

ಲೀಲಾ ನನ್ನನ್ನು ನೋಡಿದಳು. ಟಿವಿಯಲ್ಲಿ ಕುಂತಲ ಇನ್ನೂ ಕಾಲು ಹಿಡಿದುಕೊಂಡೇ ಇದ್ದಳು, ಮೂರು ಸಲ ತೋರಿಸಬೇಕಲ್ಲ.

"ಕಾಲಿಗಿ ಬಿದ್ಲು" ಎಂದೆ. "ಹೊಳ್ಳಿ ಬಂದ್ಲು."

ಸುಳ್ಳು ಹೇಳಿದ್ದರೂ ನಡೆಯುತ್ತಿರಲಿಲ್ಲ, ಹಿಂದಿ ಬಲ್ಲವನು ಎದುರಿಗೇ ಕುಳಿತಿದ್ದ. ಅಷ್ಟಕ್ಕೇ ಬಿಡಲಿಲ್ಲ ನಾನು. "ಆದ್ರ ಅತ್ತಿ, ಇಕಿ ಆ ಕುಂತಲ ಅಲ್ಲ. ಆಕಿನ್ನ ಬಿಡಿಸಿ ಇಕಿನ್ನ ಹಾಕ್ಯಾರ. ಮಾರಿನಽ ಬ್ಯಾರೆ. ಹೊಲಿಗಿ ಮಶೀನಿನ ಮ್ಯಾಲ ಹೂವಿನ ಕುಂಡ ಇಟ್ಟಾರ. ಕಥಿ ಕೆಟ್ಟೈತ್ರಿ ಅತ್ತಿ, ಆಕಿ ಕೆಟ್ಟಿಲ್ಲ."

"ಮಾರಿ ಬ್ಯಾರೆ ಆದ್ರೇನು" ಎಂದರು ಅತ್ತೆ. "ಹೆಸರು ಅದಽ ಐತೆಲ್ಲ."

ಒಡೆದ ಶೇಂಗಾ ಮೊರಕ್ಕೆ ಹಾಕಿ ಮತ್ತೆ ಅಂದರು, "ಆಕಿನೂ ಹೋದಳಲ್ಲ."

ಲೀಲಾ ಎದ್ದು ಬಂದು ತಾಯಿಯ ಮುಂದೆ ಕುಳಿತಳು. "ಯವ್ವಾ, ಆಕಿ ಹೋದ್ರ ನಾನೂ ಹೋಗಬೇಕೇನು? ಅದು ಟಿವಿ."

"ಇಷ್ಟ ವರ್ಷ ಅದು ಟಿವಿ ಅಂತ ಹೇಳಲಿಲ್ಲಲ್ಲ ನೀ" ಎಂದರು ಅತ್ತೆ. "ಬೀಗರ ಮುಂದ ನನ್ನ ಕುರುಡಿ ಮಾಡಿದಿ."

ಅತ್ತೆಗೆ ಸಿಟ್ಟು ಬಂದದ್ದು ಮಗಳ ಮೇಲೆ. ಟಿವಿಯ ಮೇಲಲ್ಲ, ಬರೆದವನ ಮೇಲಲ್ಲ, ತಲೆ ತಗ್ಗಿಸಿ ಕೂತಿದ್ದ ಆ ಅಳಿಯನ ಮೇಲೂ ಅಲ್ಲ. ನಾನು ನಮ್ಮವರ ಕಡೆ ನೋಡಿದೆ. ಪೇಪರ್ ಅಲುಗಾಡಿತು, ಇಳಿಯಲಿಲ್ಲ. "ಒಂದ ಮಾತು ಆಡ್ರಿ" ಎಂದೆ ಎಲ್ಲರ ಮುಂದೆಯೇ. "ಅವ್ವ ಹೇಳ್ಯಾಳಲ್ಲ" ಎಂದು ಪೇಪರಿನ ಹಿಂದಿನಿಂದ ಉತ್ತರ ಬಂತು.

ಮರುದಿನ ಲೀಲಾ ಹೋದಳು. ಅದೇ ಟ್ರಂಕು. ಅಳಲಿಲ್ಲ. ಬಾಗಿಲಲ್ಲಿ ನನಗೆ ತನ್ನ ಡಬ್ಬಿ ಕೊಟ್ಟು, "ಇದು ನಿಮಗಿರಲಿ, ಅಲ್ಲೆ ಬೇಕಾಗೂದಿಲ್ಲ" ಎಂದಳು. ಕಂಪನಿಯ ಬಸ್ಸಿನವನಿಗೆ ಯಾರೂ ಹೇಳಿರಲಿಲ್ಲ. ಅವನು ಮುಂದೆಯೂ ಕೆಲವು ದಿನ ಗಲ್ಲಿಯ ತುದಿಗೆ ಬಂದು ಹಾರ್ನ್ ಹೊಡೆದ. ಅತ್ತೆ ಹಾಸಿಗೆಯಲ್ಲಿ ಕೂತು ಕೇಳುತ್ತಿದ್ದರು. ಕೊನೆಗೆ ನಾನೇ ಹೋಗಿ, "ಮತ್ ಆವೋ, ಓ ಗಯೀ" ಎಂದೆ. ಹಮೀದಾ ಕಲಿಸಿದ ಹಿಂದಿ ಅಷ್ಟಕ್ಕೆ ಸಾಕಾಯಿತು.

ಈರಣ್ಣನ ಎರಡನೆಯವಳು ದೀಪಾವಳಿಯ ಹೊತ್ತಿಗೆ ತಿರುಗಿ ಬಂದಳು. ಅವನು ಲೀಲಾಳನ್ನು ಹೊಡೆಯಲಿಲ್ಲ, ಹೊರಗೆ ಹಾಕಲಿಲ್ಲ. ಲೀಲಾ ಮೊದಲಿನಂತೆ ಇಬ್ಬರಿಗೂ ಅಡಿಗೆ ಮಾಡಿ ಬಡಿಸಿದಳು. ಅದರಿಂದ ಯಾರೂ ಸಾಯುವುದಿಲ್ಲ. ಅವಳೂ ಸಾಯಲಿಲ್ಲ. ಅವನು ಸಾಯುವವರೆಗೆ ಬಡಿಸಿದಳು. ಹಬ್ಬಕ್ಕೆ ನಮ್ಮಲ್ಲಿಗೆ ಬಂದಾಗ ಟಿವಿಗೆ ಬೆನ್ನು ಮಾಡಿ ಕೂಡುತ್ತಿದ್ದಳು. ನನ್ನ ಮಕ್ಕಳು ಕಥೆ ಹೇಳು ಅತ್ತಿ ಎಂದರೆ, "ನನಗೆಲ್ಲಿ ಬರತಾವ ಕಥಿ" ಎನ್ನುತ್ತಿದ್ದಳು.

ಸೀರಿಯಲ್ ಮಾತ್ರ ನಡೆಯುತ್ತಲೇ ಇತ್ತು. ಕುಂತಲ ಸೊಂಟಕ್ಕೆ ಬೀಗದಕೈ ಗೊಂಚಲು ಸಿಕ್ಕಿಸಿಕೊಂಡು ಆ ಮನೆಯ ಯಜಮಾನಿಯಾದಳು. ಗಂಡ ಕಾಲು ಒತ್ತುವುದೊಂದು ಬಾಕಿ. ಅತ್ತೆ ಮಂಗಳವಾರ ಟಿವಿ ಹಚ್ಚಿಸಿ ಕೂಡುತ್ತಿದ್ದರು. "ಹೇಳ ಗಂಗಾ, ಏನಂದ್ಲು?" ಎನ್ನುತ್ತಿದ್ದರು. "ನನಗ ಬರೂದಿಲ್ರಿ" ಎಂದು ಎದ್ದು ಹೋಗುತ್ತಿದ್ದೆ. ತಿಳಿಯದ ಮಾತಿಗೆ ಕಿವಿ ಕೊಟ್ಟು ಅವರೊಬ್ಬರೇ ಕೂತಿರುತ್ತಿದ್ದರು.

ಒಮ್ಮೆ ಮಾತ್ರ ಅಡಿಗೆಮನೆಗೆ ಕೇಳುವ ಹಾಗೆ ಕೂಗಿದರು, "ಕುಂತಲ ಸುಖದಾಗ ಅದಾಳೇನು?"

"ಟಿವಿಯಾಗ ಅದಾಳ್ರಿ" ಎಂದೆ.

ಆಮೇಲೆ ಅವರು ಕೇಳಲಿಲ್ಲ. ಸೀರಿಯಲ್ಲನ್ನು ಮಧ್ಯಾಹ್ನಕ್ಕೆ ತಳ್ಳಿದರು, ಕೇಬಲ್ ಬಂತು, ಒಂದು ದಿನ ಅದು ಮುಗಿಯಿತೋ ನಿಂತಿತೋ, ಹೇಳುವವರೂ ಇರಲಿಲ್ಲ.

ಇಷ್ಟನ್ನು ನಾನು ಮೊಮ್ಮಗಳಿಗೆ ಮೆಂತ್ಯ ಬಿಡಿಸುತ್ತಲೇ ಹೇಳಿದೆ. ಅವಳು ಕೇಳುತ್ತ ಕೇಳುತ್ತ ಮೊಬೈಲ್ ತಿಕ್ಕುತ್ತಿದ್ದಳು. ನನಗೆ ಸಿಟ್ಟು ಬಂತು. ಆಮೇಲೆ ನೋಡಿದರೆ, "ಅಜ್ಜಿ, ಹೇ ಬಘಾ. ನಿಮ್ಮ ಸೀರಿಯಲ್ ಸಿಕ್ತು. ಸಗಳಂ ಆಹೇ, ಎಲ್ಲಾ ಐತಿ!" ಎಂದಳು.

"ಹಳೇದು ಹಚ್ಚ" ಎಂದೆ. "ಗಂಡ ಬಾಗಲಾಕ ಬರೂದು."

ಹುಡುಕಲು ಸ್ವಲ್ಪ ಹೊತ್ತು ಹಿಡಿಯಿತು. ಅಂಗೈಯಷ್ಟು ಪರದೆಯಲ್ಲಿ ಅದೇ ಗಲ್ಲಿ, ಅದೇ ಕೆಮ್ಮು, ಹಲ್ಲಿನಿಂದ ದಾರ ಕಡಿಯುವ ಅದೇ ಹೆಂಗಸು. ಈ ವರ್ಷಗಳಲ್ಲಿ ನನ್ನ ಹಿಂದಿ ಗಟ್ಟಿಯಾಗಿದೆ, ಈಗ ಯಾರೂ ಹೇಳಿಕೊಡಬೇಕಾಗಿಲ್ಲ. ನನ್ನ ಮನಸ್ಸಿನಲ್ಲಿ ಇದ್ದದ್ದೇ ಬೇರೆ. ಬಹುಶಃ ಮೊದಲಿನಿಂದಲೂ ಅವಳು ಹಾಗೆ ಏನೂ ಅಂದಿರಲಿಲ್ಲ, ಆಗಲೂ ಎಲ್ಲ ಲೀಲಾಳದೇ ಕಟ್ಟುಕಥೆ ಇರಬೇಕು, ನಾವು ಸುಮ್ಮನೆ ಮರುಳಾಗಿದ್ದೆವು ಎಂದುಕೊಂಡಿದ್ದೆ. ಹಾಗಿದ್ದರೆ ಒಂದು ಥರ ಸಮಾಧಾನವೇ ಆಗುತ್ತಿತ್ತು. ಇಲ್ಲದ್ದನ್ನು ಕಳೆದುಕೊಂಡೆವು ಎಂದು ಬಿಟ್ಟುಬಿಡಬಹುದಿತ್ತು.

ಗಂಡ ಬಾಗಿಲಿಗೆ ಬಂದ. ಕುಂತಲ ಎದ್ದು ನೀರು ತಂದಳು. ಕೊಟ್ಟಳು. ದೂರದಿಂದ ಬಂದಿದ್ದೀರಿ, ನೀರು ಕುಡಿಯಿರಿ ಎಂದಳು. ಒಳಗೆ ಬರಬೇಡಿ ಎಂದಳು. ಮನೆ ಸಣ್ಣದು, ಆದರೆ ಇದರಲ್ಲಿ ನನಗೆ ಉಸಿರಾಡಲು ಬರುತ್ತದೆ ಎಂದಳು. ಎಲ್ಲ ಅದೇ. ಒಂದು ಮಾತು ಹೆಚ್ಚಿಲ್ಲ, ಒಂದು ಮಾತು ಕಡಿಮೆ ಇಲ್ಲ.

ಅಂದರೆ ಆ ಸೀರಿಯಲ್ ಬರೆದವರಿಗೆ ಬರುತ್ತಿತ್ತು. ಬಾರದೆ ಕೆಡಿಸಿದ್ದಲ್ಲ. ಬರೆಯಲು ಬರುತ್ತಿದ್ದವರೇ, ಗೊತ್ತಿದ್ದವರೇ, ಆ ಯಂತ್ರದ ಮೇಲೆ ಹೂದಾನಿ ಇಟ್ಟದ್ದು.

ಲೀಲಾ ಈಗ ಗದಗಿನಲ್ಲಿ ಎರ‍ಡು ಕೋಣೆಯ ಮನೆ ಮಾಡಿಕೊಂಡು ಒಬ್ಬಳೇ ಇದ್ದಾಳೆ. ಮೊಮ್ಮಗಳಿಗೆ ಹೇಳಿ ಫೋನ್ ಹಚ್ಚಿಸಿದೆ.

"ಲೀಲಾ, ಆ ನೀರು ಕೊಟ್ಟ ಕಂತು ನೋಡಿದೆ ಈಗ" ಎಂದೆ. "ನೀ ಒಂದ ಮಾತೂ ಸೇರಿಸಿರಲಿಲ್ಲ."

ಅತ್ತ ಕಡೆ ಯಾವುದೋ ಪಾತ್ರೆ ಕೆಳಗಿಟ್ಟ ಸದ್ದು ಕೇಳಿತು. ಯಾವ ಕಂತು, ಯಾವ ನೀರು ಎಂದು ಅವಳು ಕೇಳಲಿಲ್ಲ.

"ಆಗ ನಾ ಯಾಕ ಸೇರಸಬೇಕಿತ್ರಿ ವೈನಿ" ಎಂದಳು. "ಆಗ ಆಕಿನಽ ಛಲೋ ಮಾತಾಡತಿದ್ಲು."